ಅಪ್ಪ ಕಟ್ಟಿದ ದೀಪದ ಬೆಲ್ಲು: ರಿಪೇರಿ ವಿವರ

ಶಿವಮೊಗ್ಗದ ನಮ್ಮ ಮನೆಯ ಕಾಲಿಂಗ್ ಬೆಲ್ಲಿಗೆ ಸದ್ದಿಲ್ಲ. ಗೇಟಿನ ಪಕ್ಕದ ಸ್ವಿಚ್ಚು ಒತ್ತಿದರೆ ಅಡುಗೆಮನೆ, ನಡುಮನೆ, ಮಲಗುವ ಕೋಣೆ ಮೂರೂ ಕಡೆ ಕೆಂಪು ದೀಪ ಮಿನುಗುತ್ತದೆ. ಅಮ್ಮ ಅದನ್ನು ನೋಡಿ ಕಪ್ಪು ಗುಂಡಿ ಒತ್ತುವ ತನಕ ಮಿನುಗುತ್ತಲೇ ಇರುತ್ತದೆ. ಫೋನ್ ಬಂದರೆ ಹಳದಿ. ನೀಲಿ ಒಂದಿದೆ, ಅದರ ಕತೆ ಆಮೇಲೆ ಹೇಳುತ್ತೇನೆ. ಇವುಗಳ ಮೇಲೆ ಒಂದು ಪುಟ್ಟ ಬಿಳಿ ದೀಪ. ಅದು ಮಿನುಗುವುದಿಲ್ಲ, ಸುಮ್ನೆ ಉರಿಯುತ್ತಿರುತ್ತದೆ.

ಇದನ್ನು ಅಪ್ಪ ಕಟ್ಟಿದ್ದು 1976ರಲ್ಲಿ. ಮದುವೆಯಾದ ಮರುವರ್ಷ ಅಮ್ಮನಿಗೆ ಕ್ಷಯ ಬಂದಿತ್ತು. ಆಗ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಕೊಡುತ್ತಿದ್ದರು. ರೋಗ ವಾಸಿಯಾಯಿತು, ಕಿವಿ ಹೋಯಿತು. ಆ ಔಷಧಿ ಕೆಲವರ ಒಳಕಿವಿಯಲ್ಲಿ ಸದ್ದು ಹಿಡಿಯುವ ಜೀವಕೋಶಗಳನ್ನೇ ಹಾಳುಮಾಡುತ್ತದೆ. ಒಮ್ಮೆ ಹೋದರೆ ಅವು ಮತ್ತೆ ಹುಟ್ಟುವುದಿಲ್ಲ. ಅಮ್ಮ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಳು. ಆದರೆ ಬಾಗಿಲು ತಟ್ಟಿದ್ದು ಕೇಳಬೇಕಲ್ಲ? ಅಪ್ಪ ಡ್ಯೂಟಿ ಮುಗಿಸಿ ಬಂದು ಹೊರಗೆ ನಿಂತು, ಕಿಟಕಿಯ ಸರಳಿನ ನಡುವೆ ಪೇಪರ್ ಆಡಿಸಿ ಅವಳ ಕಣ್ಣಿಗೆ ಬೀಳಬೇಕಿತ್ತಂತೆ. ಕೆಲವು ತಿಂಗಳು ಹೀಗೇ ನಡೆದ ಮೇಲೆ ಈ ಪೆಟ್ಟಿಗೆ ಬಂತು.

ಅಪ್ಪ ಹೋದ ವರ್ಷ ತೀರಿಕೊಂಡರು. ಆಮೇಲಿನ ಮಳೆಗಾಲದಲ್ಲಿ ಬಿಳಿ ದೀಪ ಆರಿತು. ನಾನು ಬೆಂಗಳೂರಿನಿಂದ ಹೋಗುವಾಗ ಒಂದು ವೈರ್‌ಲೆಸ್ ಬೆಲ್ಲು ತಗೊಂಡು ಹೋದೆ. ಒತ್ತಿದರೆ ಲೈಟ್ ಹತ್ತುವಂಥದ್ದೇ. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದರಲ್ಲಿ ಬಿಳಿ ಎಲ್ಲಿದೆ?"

"ಬಿಳಿ ಯಾಕಮ್ಮ? ಯಾರಾದರೂ ಬಂದರೆ ಮಿನುಗುತ್ತೆ."

"ಕೆಂಪು ಬರಲಿಲ್ಲ ಅಂದ್ರೆ ಯಾರೂ ಬಂದಿಲ್ಲ ಅಂತ. ಬಿಳಿನೂ ಇಲ್ಲ ಅಂದ್ರೆ ಬಂದಿದಾರೋ ಇಲ್ವೋ ಗೊತ್ತಿಲ್ಲ ಅಂತ. ಎರಡೂ ಒಂದೇನಾ? ನಿಮ್ಮಪ್ಪ ಹೇಳಿಕೊಟ್ಟಿಲ್ವಾ ನಿನಗೆ?"

ವೈರ್‌ಲೆಸ್ ಬೆಲ್ಲು ವಾಪಸ್ ಬ್ಯಾಗಿಗೆ ಹೋಯಿತು. ಟೂಲ್ಸ್ ಹೊರಗೆ ಬಂದವು.

ಬಿಳಿ ದೀಪದ ಲೆಕ್ಕ

ರಿಪೇರಿಗೆ ಮೊದಲು ಈ ಬಿಳಿ ದೀಪದ ವಿಷಯ ಹೇಳಬೇಕು. ಪೆಟ್ಟಿಗೆಯ ಜೀವ ಇರುವುದೇ ಅದರಲ್ಲಿ.

ಅಪ್ಪ ಓದಿದ್ದು ಬೆಂಗಳೂರಿನ ಯುವಿಸಿಇ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಕೆಲಸಕ್ಕೆ ಸೇರಿದ್ದು ವಿದ್ಯುತ್ ಮಂಡಳಿಗೆ, ಆಗ ಅದಿನ್ನೂ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ. 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಕೆಇಬಿ ಆಯಿತು, 1999ರಲ್ಲಿ ಕೆಪಿಟಿಸಿಎಲ್. ಬೋರ್ಡು ಏನೇ ಬದಲಾಗಲಿ, ಊರಿನವರಿಗೆ ಅಪ್ಪ ಕೊನೆಯವರೆಗೂ 'ಕೆಇಬಿ ಸಾಹೇಬ್ರು'. ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗಲೂ 'ನಮ್ಮ ಬೀದಿ ಟೀಸಿ ಯಾವಾಗ ಸರಿ ಮಾಡಿಸ್ತೀರಿ ಸಾರ್' ಅಂತ ಕೇಳುವವರು ಇದ್ದೇ ಇರುತ್ತಿದ್ದರು. ಮಳೆಗಾಲದಲ್ಲಿ ಪೇಪರ್ ಬಂದರೆ ಅಪ್ಪ ಮೊದಲು ನೋಡುತ್ತಿದ್ದದ್ದು ಲಿಂಗನಮಕ್ಕಿಯ ನೀರಿನ ಮಟ್ಟ. ಪೂರ್ತಿ ತುಂಬಿದರೆ 1819 ಅಡಿ. ತುಂಬದಿದ್ದರೆ ಆ ಬೇಸಿಗೆ ಊಟದ ಎಲೆ ಮುಂದೆ ಏನೇನು ಕೇಳಬೇಕಾಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಜಾಸ್ತಿ ವರ್ಷ ಕೆಲಸ ಮಾಡಿದ್ದು ಶಿವಮೊಗ್ಗದ ಎಂಆರ್‌ಎಸ್‌ನಲ್ಲಿ. ಶರಾವತಿಯ ಕರೆಂಟು 220 ಕೆವಿ ಲೈನಿನಲ್ಲಿ ಬಂದಿಳಿಯುವ ಸ್ಟೇಷನ್ ಅದು. ಅಲ್ಲಿ ಪಾಳಿ ಡ್ಯೂಟಿ. ಇಂಥ ಸ್ಟೇಷನ್ನಿನ ಕಂಟ್ರೋಲ್ ರೂಮಿನಲ್ಲಿ ಎರಡು ಕಟ್ಟುಪಾಡು ಇರುತ್ತವೆ. ಒಂದು, ಫಾಲ್ಟ್ ಗುರುತಿಸುವ ರಿಲೇ ಮತ್ತು ಲೈನ್ ಕಡಿಯುವ ಬ್ರೇಕರುಗಳ ಕಂಟ್ರೋಲ್ ನಡೆಯುವುದು ಬ್ಯಾಟರಿಯ ಡಿಸಿ ಕರೆಂಟಿನಲ್ಲಿ. ಲೈನಿನಲ್ಲಿ ಫಾಲ್ಟ್ ಆದಾಗ ಎಸಿ ಕುಸಿಯುತ್ತದೆ. ಬ್ರೇಕರ್ ಬೀಳಬೇಕಾದದ್ದು ಸರಿಯಾಗಿ ಆಗಲೇ. ಕೆಲಸ ಬಿದ್ದಾಗ ಕೈಕೊಡುವ ಕರೆಂಟನ್ನು ನಂಬಿ ಕೂರುವಂತಿಲ್ಲ. ಎರಡನೆಯದು ಹೆಲ್ದಿ ಲ್ಯಾಂಪ್. ಬ್ರೇಕರನ್ನು ಬೀಳಿಸುವ ಕಾಯಿಲ್ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದೆ. ಅದರ ವೈರು ತುಂಡಾಗಿದ್ದರೆ ಗೊತ್ತಾಗುವುದು ಹೇಗೆ? ಅದಕ್ಕೇ ಆ ಕಾಯಿಲ್ ಮೂಲಕವೇ ತುಸು ಕರೆಂಟ್ ಹರಿಸಿ ಒಂದು ಬಿಳಿ ದೀಪ ಉರಿಸುತ್ತಾರೆ. ಕಾಯಿಲ್ ಕೆಲಸ ಮಾಡಲು ಆ ಕರೆಂಟ್ ಸಾಲದು, ದೀಪಕ್ಕೆ ಸಾಕು. ದೀಪ ಉರಿಯುತ್ತಿದೆ ಅಂದರೆ ಬ್ಯಾಟರಿ, ಫ್ಯೂಸು, ವೈರು, ಕಾಯಿಲ್ ಎಲ್ಲ ಸರಿ ಇದೆ ಅಂತ.

ಅಪ್ಪ ಇವೆರಡನ್ನೂ ಮನೆಗೆ ತಂದರು. ಗೇಟಿನ ಸ್ವಿಚ್ಚಿನ ಒಳಗೆ, ಅದರ ಎರಡು ತುದಿಗೆ ಅಡ್ಡಲಾಗಿ, ಒಂದು 2.2 ಕಿಲೋಓಮ್ ರೆಸಿಸ್ಟರ್ ಬೆಸೆದಿದ್ದರು. ಪೆಟ್ಟಿಗೆಯಲ್ಲೂ ಒಂದು ರಿಲೇ ಇದೆ, ಕರೆಂಟ್ ಹರಿದರೆ ತಾನೇ ಎಳೆದುಕೊಳ್ಳುವ ಸ್ವಿಚ್ಚು. ಅದರ ಕಾಯಿಲ್ 400 ಓಮ್. ಸ್ವಿಚ್ಚು ಒತ್ತದೇ ಇದ್ದಾಗ 12 ವೋಲ್ಟಿನಿಂದ ಸುಮಾರು 4.5 ಮಿಲಿಆಂಪ್ ಗೇಟಿನವರೆಗೆ ಹೋಗಿ ಬರುತ್ತಿರುತ್ತದೆ. ರಿಲೇ ಎಳೆಯಲು 30 ಮಿಲಿಆಂಪ್‌ನ ಆಸುಪಾಸು ಬೇಕು, ಆದ್ದರಿಂದ ಅದು ಅಲ್ಲಾಡುವುದಿಲ್ಲ. ಆದರೆ ಎರಡು ಟ್ರಾನ್ಸಿಸ್ಟರ್‌ಗಳು ಆ ಸಣ್ಣ ಕರೆಂಟನ್ನೇ ನೋಡಿಕೊಂಡು ಬಿಳಿ ದೀಪ ಉರಿಸುತ್ತವೆ. ಸ್ವಿಚ್ಚು ಒತ್ತಿದರೆ ರೆಸಿಸ್ಟರ್ ಶಾರ್ಟ್ ಆಗುತ್ತದೆ, ರಿಲೇ ಎಳೆಯುತ್ತದೆ, ತನ್ನದೇ ಕಾಂಟ್ಯಾಕ್ಟಿನಿಂದ ತನ್ನನ್ನು ಹಿಡಿದುಕೊಳ್ಳುತ್ತದೆ. ಕೈ ತೆಗೆದರೂ ಬಿಡುವುದಿಲ್ಲ. ಅಡುಗೆಮನೆಯ ಕಪ್ಪು ಗುಂಡಿ ಒತ್ತಿದಾಗ ಇಡೀ ಸಪ್ಲೈ ಒಂದು ಕ್ಷಣ ಕಟ್ಟಾಗುತ್ತದೆ. ಆಗ ಕೆಂಪು ಹೋಗುತ್ತದೆ, ಬಿಳಿಯೂ ಹೋಗಿ ವಾಪಸ್ ಬರುತ್ತದೆ. ಅಂದರೆ ಪ್ರತಿ ಸಲ ಬಾಗಿಲು ತೆಗೆಯಲು ಹೋಗುವ ಮುಂಚೆ ಅಮ್ಮ ತನಗೇ ಗೊತ್ತಿಲ್ಲದೆ ಬಿಳಿ ದೀಪವನ್ನೂ ಟೆಸ್ಟ್ ಮಾಡುತ್ತಿದ್ದಳು.

ಪೆಟ್ಟಿಗೆಯ ಒಳಗೆ

ಮೊದಲು ಎಲ್‌ಸಿ. ಲೈನ್ ಕ್ಲಿಯರ್ ತಗೊಳ್ಳದೆ ಕಂಬ ಹತ್ತಬಾರದು ಅನ್ನುವುದು ಕೆಇಬಿಯವರ ಮೊದಲ ಪಾಠ. ನಮ್ಮ ಮನೆಯಲ್ಲಿ ಟ್ಯೂಬ್‌ಲೈಟಿನ ಸ್ಟಾರ್ಟರ್ ಬದಲಿಸುವುದಕ್ಕೂ ಅದೇ ನಿಯಮ. ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿಗೆ ಹಾಕಿಕೊಂಡು, ಮೀಟರ್ ಬೋರ್ಡಿಗೆ 'ಕೆಲಸ ನಡೆಯುತ್ತಿದೆ' ಅಂತ ಅಪ್ಪನೇ ಬರೆದ ತಗಡು ತೂಗುಹಾಕಬೇಕು. ಈಗ ಎಂಸಿಬಿ ಇದೆ, ಜೇಬಿಗೆ ಹಾಕಲಾಗುವುದಿಲ್ಲ. ತಗಡು ಮಾತ್ರ ತೂಗುಹಾಕಿದೆ.

ಪೆಟ್ಟಿಗೆ ಕಬ್ಬಿಣದ ಶೀಟಿನದು, ಬೂದು ಹ್ಯಾಮರ್‌ಟೋನ್ ಬಣ್ಣ. ಮುಚ್ಚಳ ತೆಗೆದರೆ ಒಳಮೈಗೆ ಅಂಟಿಸಿದ ಸರ್ಕ್ಯೂಟ್ ಡ್ರಾಯಿಂಗ್, ಅಮೋನಿಯಾ ಪ್ರಿಂಟು. ಆಫೀಸಿನ ಡ್ರಾಯಿಂಗಿನಂತೆಯೇ ಕೆಳಗೆ ಬಲಮೂಲೆಯಲ್ಲಿ ಚೌಕ, ಅದರಲ್ಲಿ ಡ್ರಾಯಿಂಗ್ ನಂಬರು, ತಿದ್ದುಪಡಿಗಳ ಪಟ್ಟಿ, ಸಹಿ. ಒಂದು ಮನೆ ಬೆಲ್ಲಿಗೆ ಡ್ರಾಯಿಂಗ್ ನಂಬರು! ಆದರೆ ಐವತ್ತು ವರ್ಷದ ಹತ್ತಿರ ಆದ ಮೇಲೆ, ಯಾರನ್ನೂ ಕೇಳದೆ, ಯಾವ ವೈರು ಎಲ್ಲಿಗೆ ಅಂತ ನಾನು ಬೆರಳಿಟ್ಟು ಹೇಳುವಂತಾದದ್ದು ಅದರಿಂದಲೇ. ಪ್ರತಿ ವೈರಿನ ತುದಿಗೂ ನಂಬರಿನ ಫೆರ್ರೂಲ್, ಅಂದರೆ ಪುಟ್ಟ ಕೊಳವೆ, ಇತ್ತು. ಕೆಲವು ಪ್ಲಾಸ್ಟಿಕ್ಕಿನವು, ಕೆಲವು ಬಿಳಿ ವೈರಿನ ತೊಗಟೆ ಕತ್ತರಿಸಿ ಮೇಲೆ ಇಂಕಿನಲ್ಲಿ ಬರೆದವು.

ಬ್ಯಾಟರಿ ಸತ್ತಿತ್ತು. ಮೊದಲು ಇದ್ದದ್ದು ನೀರು ಹಾಕುವ ಬ್ಯಾಟರಿ. ಆಮೇಲೆ ಅಪ್ಪನೇ 12 ವೋಲ್ಟ್ 7 ಎಎಚ್‌ನ ಸೀಲ್ಡ್ ಬ್ಯಾಟರಿಗೆ ಬದಲಿಸಿದ್ದರು. ಮೀಟರ್ ಇಟ್ಟರೆ 4 ವೋಲ್ಟ್ ಚಿಲ್ಲರೆ. ಹೊಟ್ಟೆ ಊದಿ, ಪೆಟ್ಟಿಗೆಯ ಗೋಡೆಗೆ ಒತ್ತಿಕೊಂಡಿತ್ತು. ಇಂಥದ್ದಕ್ಕೆ ಮತ್ತೆ ಚಾರ್ಜ್ ಕೊಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಟರ್ಮಿನಲ್ಲಿನ ಹಸಿರು ಕಿಲುಬನ್ನು ಅಡುಗೆಸೋಡಾ ನೀರಲ್ಲಿ ತೊಳೆದು, ಒರೆಸಿ, ಒಣಗಿಸಿದೆ. ಹೊಸ ಬ್ಯಾಟರಿ ಶಿವಮೊಗ್ಗದ ದುರ್ಗಿಗುಡಿಯಲ್ಲೇ ಸಿಕ್ಕಿತು.

ಇನ್ನೊಂದು ರೋಗಿ, ಫಿಲ್ಟರ್ ಕೆಪಾಸಿಟರ್. 1000 ಮೈಕ್ರೋಫ್ಯಾರಡ್, 25 ವೋಲ್ಟ್. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಒಳಗಿನ ದ್ರವ ವರ್ಷಗಳಲ್ಲಿ ಒಣಗುತ್ತದೆ. ಒಣಗಿದರೆ ಡಿಸಿಯಲ್ಲಿ ಏರಿಳಿತ ಉಳಿದುಕೊಳ್ಳುತ್ತದೆ. ಬ್ಯಾಟರಿ ಚೆನ್ನಾಗಿದ್ದಷ್ಟು ದಿನ ಆ ಏರಿಳಿತವನ್ನು ಅದೇ ನುಂಗಿಕೊಳ್ಳುತ್ತಿತ್ತು. ಬ್ಯಾಟರಿ ತೆಗೆದು ಬರೀ ಮೇನ್ಸಿನಲ್ಲಿ ಹಾಕಿ, ರಿಲೇಯನ್ನು ಎಳೆಸಿ ನೋಡಿದೆ. ಗುಂಯ್ ಅಂತ ಅದುರುತ್ತಿತ್ತು. 2200 ಮೈಕ್ರೋಫ್ಯಾರಡ್ 35 ವೋಲ್ಟಿನದು ಹಾಕಿದ ಮೇಲೆ ಅದುರುವುದು ನಿಂತಿತು. ಹಳೆಯದರ ಅರ್ಧದಷ್ಟೇ ಗಾತ್ರ ಇದೆ ಈಗಿನದು, ಕ್ಲಿಪ್ಪಿನಲ್ಲಿ ಕೂರಲಿಲ್ಲ, ಟೈ ಹಾಕಿ ಕಟ್ಟಿದೆ.

ಚಾರ್ಜರಿನಲ್ಲಿ ಅಪ್ಪನ ಒಂದು ಉಪಾಯವಿತ್ತು. ಬ್ಯಾಟರಿಗೆ ಸೀರೀಸಿನಲ್ಲಿ ಒಂದು 12 ವೋಲ್ಟ್ 10 ವಾಟ್ ಬಲ್ಬು. ಬ್ಯಾಟರಿ ಖಾಲಿಯಿದ್ದರೆ ಕರೆಂಟ್ ಜಾಸ್ತಿ ಎಳೆಯುತ್ತದೆ, ಬಲ್ಬು ಉರಿದು ತಡೆಯುತ್ತದೆ. ತುಂಬುತ್ತಾ ಬಂದಂತೆ ಬಲ್ಬು ಮಂಕಾಗಿ ಆರುತ್ತದೆ. ತಡೆಯುವುದೂ ಅದೇ, ತೋರಿಸುವುದೂ ಅದೇ. ಆದರೆ ಈ ಸೀಲ್ಡ್ ಬ್ಯಾಟರಿಗೆ ಇಷ್ಟೇ ಸಾಲದು. ನೀರು ಹಾಕುವ ಬ್ಯಾಟರಿ ಸ್ವಲ್ಪ ಜಾಸ್ತಿ ಚಾರ್ಜ್ ಆದರೆ ನೀರು ಒಡೆದು ಅನಿಲವಾಗಿ ಹೋಗುತ್ತದೆ, ಮತ್ತೆ ತುಂಬಿಸಬಹುದು. ಸೀಲ್ಡ್ ಬ್ಯಾಟರಿಗೆ ಆ ಭಾಗ್ಯವಿಲ್ಲ. ವೋಲ್ಟೇಜು 13.5ರಿಂದ 13.8ರ ನಡುವೆ ಕಟ್ಟಿಹಾಕಬೇಕು. ಹಾಗಾಗಿ ನಡುವೆ ವೋಲ್ಟೇಜು ಹಿಡಿದಿಡುವ ರೆಗ್ಯುಲೇಟರ್, ಒಂದು ಎಲ್‌ಎಂ 317 ಸೇರಿಸಿದೆ. 240 ಓಮ್, 2.2 ಕಿಲೋಓಮ್, ಅದರ ಜೊತೆಗೆ 500 ಓಮಿನ ಪ್ರೀಸೆಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್). ಕರೆಂಟ್ ಹೋದಾಗ ಬ್ಯಾಟರಿ ಹಿಂದಕ್ಕೆ ಹರಿಯದಂತೆ ಒಂದು 1ಎನ್ 4007 ಡಯೋಡ್. ಡಯೋಡಿನಲ್ಲಿ 0.7 ವೋಲ್ಟ್ ಬೀಳುತ್ತದೆ, ಆದ್ದರಿಂದ ಮೀಟರನ್ನು ಬ್ಯಾಟರಿಯ ತುದಿಯಲ್ಲೇ ಇಟ್ಟು 13.6ಕ್ಕೆ ತಿರುಗಿಸಿ ನಿಲ್ಲಿಸಿದೆ. ಅಪ್ಪನ ಬಲ್ಬನ್ನು ತೆಗೆಯಲಿಲ್ಲ. ಟ್ರಾನ್ಸ್‌ಫಾರ್ಮರ್ 1 ಆಂಪಿನದು, ಖಾಲಿ ಬ್ಯಾಟರಿ ಅದಕ್ಕಿಂತ ಜಾಸ್ತಿ ಕೇಳಬಹುದು. ತಡೆಯಲು ಆ ಬಲ್ಬು ಬೇಕೇ ಬೇಕು.

ರಿಲೇ ಕಾಂಟ್ಯಾಕ್ಟುಗಳು ಕಪ್ಪಾಗಿದ್ದವು. ಇದಕ್ಕೆ ಕೆಲವರು ಉಪ್ಪುಕಾಗದ ಹಾಕಿ ಉಜ್ಜುತ್ತಾರೆ. ದಯವಿಟ್ಟು ಬೇಡ. ಬೆಳ್ಳಿಯ ತೆಳುಪದರ ಎದ್ದುಹೋಗುತ್ತದೆ, ಮರಳಿನ ಕಣ ಅಲ್ಲೇ ಕೂರುತ್ತದೆ. ದಪ್ಪ ಕಾಗದದ ತುಂಡಿಗೆ ಐಸೊಪ್ರೊಪೈಲ್ ಹನಿಸಿ, ಕಾಂಟ್ಯಾಕ್ಟುಗಳ ನಡುವೆ ಇಟ್ಟು, ಬೆರಳಿಂದ ಮೆತ್ತಗೆ ಒತ್ತಿ ಎಳೆದರೆ ಸಾಕು. ಕಾಗದದ ಮೇಲೆ ಕಪ್ಪು ಗೆರೆ ಬರುತ್ತದೆ. ಗೆರೆ ಬರುವುದು ನಿಲ್ಲುವ ತನಕ ಎಳೆಯಬೇಕು. ಮುಚ್ಚಳದ ಮೂಲೆಯಲ್ಲಿ ಒಂದು ತಗಡಿನ ಜೇಬಿತ್ತು. ಅದರಲ್ಲಿ ಇದೇ ಅಳತೆಗೆ ಕತ್ತರಿಸಿದ ಕಾಗದದ ಪಟ್ಟಿಗಳ ಕಟ್ಟು. ಹಳೆಯ ಮದುವೆ ಕರೆಯೋಲೆಗಳದ್ದು.

ಗೇಟಿನ ಲೈನು

ಇಷ್ಟೆಲ್ಲ ಆದ ಮೇಲೂ ಬಿಳಿ ಬರಲಿಲ್ಲ. ಬರಬಾರದು ಕೂಡ, ಲೈನು ತುಂಡಾಗಿದ್ದರೆ.

ಗೇಟಿನ ಜೋಡಿವೈರನ್ನು ಪೆಟ್ಟಿಗೆಯಿಂದ ಬಿಡಿಸಿ ಓಮ್ಸಿನಲ್ಲಿ ನೋಡಿದೆ. 2.2 ಕಿಲೋಓಮ್ ತೋರಿಸಬೇಕಾದ ಕಡೆ ಏನೂ ಇಲ್ಲ. ಲೈನು ಅರ್ಧಕ್ಕೆ ಸೀಳಿ ನೋಡುವುದು ಇಂಥ ಕಡೆ ಒಳ್ಳೆಯ ದಾರಿ. ಜಗಲಿಯ ಮೂಲೆಯ ಜಂಕ್ಷನ್ ಬಾಕ್ಸಿನಲ್ಲಿ ಬಿಚ್ಚಿ, ಅಲ್ಲಿಂದ ಗೇಟಿನ ಕಡೆ ಅಳೆದರೆ 2.6 ಕಿಲೋಓಮ್ ಬಂತು. ಹಳೇ ಕಾರ್ಬನ್ ರೆಸಿಸ್ಟರು ವಯಸ್ಸಾದಂತೆ ಮೇಲಕ್ಕೆ ಸರಿಯುವುದು ಮಾಮೂಲು. ಸರಿ, ತುಂಡಾಗಿರುವುದು ಜಗಲಿಗೂ ಪೆಟ್ಟಿಗೆಗೂ ನಡುವೆ. ಜಂತೆಯ ಪಕ್ಕ ಸಾಗುವ ಮರದ ರೀಪಿನ ಮೇಲೆ ವೈರು ಹೋಗಿತ್ತು. ರೀಪಿನ ತಿರುವಿನಲ್ಲಿ ಇಲಿ ಕಡಿದಿತ್ತು. ಒಂದೆಳೆ ಪೂರ್ತಿ ತುಂಡು, ಇನ್ನೊಂದು ಬತ್ತಲೆ.

ಆ ಭಾಗವನ್ನಷ್ಟೇ ಜೋಡಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಆದರೆ ವೈರಿನ ತೊಗಟೆ ಬಗ್ಗಿಸಿದಲ್ಲೆಲ್ಲ ಪುಡಿಯಾಗುತ್ತಿತ್ತು. ಪೂರ್ತಿ ಹೊಸದನ್ನೇ ಎಳೆದೆ. ಹಿತ್ತಾಳೆ ಕ್ಲಿಪ್ಪುಗಳು ಮಾತ್ರ ಹಳೆಯವೇ. ಒಂದೊಂದನ್ನೂ ಬಿಚ್ಚಿ ಮತ್ತೆ ಮಡಿಚಿದರೂ ಮುರಿಯಲಿಲ್ಲ. ಗೇಟಿನ ಸ್ವಿಚ್ಚು ಬಿಚ್ಚಿ ಕೆಂಪು-ಕೆಂಪು-ಕೆಂಪು ಪಟ್ಟಿಯ ಆ ರೆಸಿಸ್ಟರನ್ನು ತೆಗೆದೆ. ಕೆಲಸ ಮಾಡುತ್ತಿತ್ತು ನಿಜ, ಆದರೆ ಮಲೆನಾಡಿನ ಮಳೆಗೆ ಮೈಯೊಡ್ಡುವ ಜಾಗ. ಮೆಟಲ್ ಫಿಲ್ಮಿನದು ಹಾಕಿ, ಮೇಲೆ ಹೀಟ್‌ಶ್ರಿಂಕ್ ತೊಡಿಸಿದೆ.

ವಾಪಸ್ ಬಂದು ಪೆಟ್ಟಿಗೆಗೆ ಸಿಕ್ಕಿಸಿದ ಕೂಡಲೇ ಬಿಳಿ ಬಂತು. ಅಮ್ಮ ಹಲಸಿನ ಹಪ್ಪಳ ಕರಿಯುತ್ತಿದ್ದಳು. ತಿರುಗಿ ನೋಡಿ, "ಹಾಂ, ಬಂತು" ಅಂದು ಮತ್ತೆ ಬಾಣಲೆ ಕಡೆ ತಿರುಗಿದಳು.

ನೀಲಿ

ಡ್ರಾಯಿಂಗಿನ ತಿದ್ದುಪಡಿ ಪಟ್ಟಿ ಹೀಗಿದೆ. 1976, ಕೆಂಪು: ಗೇಟು. 1979, ನೀಲಿ: ಮಗು. 1983, ಹಳದಿ: ಫೋನ್. ಬಣ್ಣಗಳು ಆರ್, ವೈ, ಬಿ. ಮೂರು ಫೇಸಿನ ಬಣ್ಣಗಳು. ಕೆಇಬಿಯವರ ಮನೆಯಲ್ಲಿ ಬೇರೆ ಬಣ್ಣ ಎಲ್ಲಿಂದ ಬರಬೇಕು?

1979ರ ಮಗು ನಾನು. ಅಪ್ಪನಿಗೆ ವಾರಗಟ್ಟಲೆ ರಾತ್ರಿ ಪಾಳಿ. ಮನೆಯಲ್ಲಿ ಅಮ್ಮ, ಅವಳಿಗೆ ಕೇಳದಂತೆ ಅಳುವ ಕೂಸು. ಮೊದಮೊದಲು ಅಮ್ಮ ನನ್ನ ಕಾಲಿಗೂ ತನ್ನ ಕೈಬೆರಳಿಗೂ ಒಂದು ದಾರ ಕಟ್ಟಿಕೊಂಡು ಮಲಗುತ್ತಿದ್ದಳಂತೆ. ಅಪ್ಪ ಟೆಲಿಫೋನ್ ರಿಸೀವರಿನ ಕಾರ್ಬನ್ ಮೈಕು ತಂದು ತೊಟ್ಟಿಲಿಗೆ ಕಟ್ಟಿದರು. ಆ ಬಿಲ್ಲೆಯೊಳಗೆ ಇದ್ದಿಲಿನ ಕಾಳುಗಳಿರುತ್ತವೆ. ಸದ್ದಿಗೆ ಅವು ಒತ್ತಿ ಸಡಿಲಾಗುವಾಗ ಕರೆಂಟು ಏರಿಳಿಯುತ್ತದೆ. ಸಿಗ್ನಲ್ ಜೋರಾಗಿರುವುದರಿಂದ ದೊಡ್ಡ ಆಂಪ್ಲಿಫೈಯರ್ ಬೇಕಿಲ್ಲ. ಬಿಇಎಲ್‌ನ ಎರಡು ಬಿಸಿ 148 ಟ್ರಾನ್ಸಿಸ್ಟರ್, ರಿಲೇ ಎಳೆಯಲು ಒಂದು ಎಸ್‌ಎಲ್ 100. ಅಷ್ಟೇ.

ಈ ಬೋರ್ಡು ಈಗಲೂ ಪೆಟ್ಟಿಗೆಯೊಳಗಿದೆ, ವೈರು ಬಿಚ್ಚಿ ತುದಿಗೆ ಟೇಪು ಸುತ್ತಿಟ್ಟಿದ್ದಾರೆ. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್. 22 ಕಿಲೋಓಮ್, 100 ಮೈಕ್ರೋಫ್ಯಾರಡ್. ಗುಣಿಸಿದರೆ 2.2 ಸೆಕೆಂಡ್. ಪಾತ್ರೆ ಬಿದ್ದರೆ, ಬಾಗಿಲು ಬಡಿದರೆ, ಮಗು ಒಮ್ಮೆ ಕೆಮ್ಮಿದರೆ ದೀಪ ಹತ್ತಬಾರದು. ಎರಡು ಸೆಕೆಂಡಿನಷ್ಟಾದರೂ ಅತ್ತರೆ ಮಾತ್ರ ಹತ್ತಬೇಕು. ಸ್ಟೇಷನ್ನಿನ ರಿಲೇಗಳಿಗೂ ಹೀಗೇ ಟೈಮ್ ಡಿಲೇ ಇಡುತ್ತಾರೆ, ಕ್ಷಣಕಾಲದ ಏರುಪೇರಿಗೆಲ್ಲ ಲೈನ್ ಬೀಳದಿರಲಿ ಅಂತ. ನಿದ್ದೆಗೆಟ್ಟ ಬಾಣಂತಿಯನ್ನು ಸುಳ್ಳು ದೀಪ ತೋರಿಸಿ ಏಳಿಸಬಾರದು ಅನ್ನುವ ಕಾಳಜಿ ಆ ಎರಡು ಬಿಡಿಭಾಗದಲ್ಲಿದೆ. ಅಪ್ಪ ಬಾಯಿಬಿಟ್ಟು ಅಕ್ಕರೆ ಆಡಿದವರಲ್ಲ. ಅಮ್ಮನ ಹುಟ್ಟಿದ ದಿನ ಅವರಿಗೆ ನೆನಪಿತ್ತೋ ಇಲ್ಲವೋ, ಬ್ಯಾಟರಿಯ ಸ್ಪೆಸಿಫಿಕ್ ಗ್ರಾವಿಟಿ (ಆಸಿಡ್ಡಿನ ಸಾಂದ್ರತೆ) ಮಾತ್ರ ತಿಂಗಳ ಮೊದಲ ಭಾನುವಾರ ತಪ್ಪದೆ ನೋಡುತ್ತಿದ್ದರು.

ಅದನ್ನು ಬರೆದಿಡಲು ಒಂದು ಲಾಗ್‌ಬುಕ್. ದಿನಾಂಕ, ವೋಲ್ಟೇಜು, ಗ್ರಾವಿಟಿ, ಷರಾ. ವರ್ಷಾನುಗಟ್ಟಲೆ ಷರಾದಲ್ಲಿ 'ಸರಿ ಇದೆ', 'ಡಿ. ನೀರು ಹಾಕಿದೆ' ಬಿಟ್ಟರೆ ಬೇರೇನಿಲ್ಲ. 1981ರಲ್ಲಿ ಒಂದು ಕಡೆ ಮಾತ್ರ: 'ಮಗು ತೊಟ್ಟಿಲು ಬಿಟ್ಟಿತು. ನೀಲಿ ಎಲ್‌ಸಿ.'

ಆ ನೀಲಿ ಎಲ್‌ಸಿಯಲ್ಲೇ ಉಳಿಯಲಿಲ್ಲ. 1991ರ ತಿದ್ದುಪಡಿ, ನೀಲಿ: ಅಜ್ಜಿಯ ಮಂಚ. ಅಜ್ಜಿ ಕಾಲು ಮುರಿದುಕೊಂಡಾಗ ಹಾಸಿಗೆ ಪಕ್ಕ ಒಂದು ಗುಂಡಿ. ಕೊನೆಯ ತಿದ್ದುಪಡಿ ಪೆನ್ಸಿಲಿನದು, ಅಕ್ಷರ ಅಲುಗಿವೆ, ಸಹಿ ಚೌಕದಿಂದ ಹೊರಗೆ ಹೋಗಿದೆ. 'ನೀಲಿ: ನನ್ನ ಮಂಚ.'

ಅಮ್ಮನನ್ನು ಕೇಳಿದೆ, ತುಂಬ ಒತ್ತುತ್ತಿದ್ದರಾ ಅಂತ.

"ಒತ್ತುತ್ತಿದ್ದರು. ಹೋಗಿ ನೋಡಿದರೆ ಏನೂ ಇಲ್ಲ ಅನ್ನೋರು. ಲೈಟು ಬರುತ್ತಾ ಅಂತ ನೋಡಿದೆ ಅನ್ನೋರು."

ಹೊಸ ತಿದ್ದುಪಡಿ

ಈಗ ಮನೆಯಲ್ಲಿ ಅಮ್ಮ ಒಬ್ಬಳೇ. ಒಳಗಿಂದ ಅವಳನ್ನು ಕರೆಯುವವರು ಯಾರೂ ಇಲ್ಲ. ಅವಳು ಯಾರನ್ನಾದರೂ ಕರೆಯಬೇಕಾಗಬಹುದು. ಹಾಗಾಗಿ ನೀಲಿಯ ದಿಕ್ಕು ತಿರುಗಿಸಿದೆ. ಬಚ್ಚಲಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಒಂದು ಗುಂಡಿ, ಮಂಚದ ಪಕ್ಕ ಇನ್ನೊಂದು. ಎಲ್ಲವೂ 12 ವೋಲ್ಟ್ ಆದ್ದರಿಂದ ಬಚ್ಚಲಲ್ಲಿ ಹಾಕಲು ಹೆದರಿಕೆಯಿಲ್ಲ. ಒತ್ತಿದರೆ ಪಕ್ಕದ ಮನೆಯ ಅಡುಗೆಮನೆಯಲ್ಲಿ ದೀಪವೂ ಹತ್ತುತ್ತದೆ, ಬಜರೂ ಕೂಗುತ್ತದೆ. ಪಕ್ಕದ ಮನೆಯ ಅಕ್ಕ ನಾನು ಕೇಳುವ ಮೊದಲೇ ಗೋಡೆಗೆ ಎಲ್ಲಿ ಮೊಳೆ ಹೊಡೆಯಬೇಕು ಅಂತ ತೋರಿಸಿದರು. ಅಮ್ಮನ ಕಡೆಯೂ ನೀಲಿ ಮಿನುಗುತ್ತದೆ. ಆಚೆಯವರು ಗುಂಡಿ ಒತ್ತಿ ಒಪ್ಪಿಕೊಂಡರೆ ಇಲ್ಲಿ ಮಿನುಗುವುದು ನಿಲ್ಲುತ್ತದೆ. ಬರುತ್ತಿದ್ದಾರೆ ಅಂತ ಅವಳಿಗೆ ಗೊತ್ತಾಗಬೇಕಲ್ಲ, ಅದಕ್ಕೆ.

ಹಳದಿಯದು ಬೇರೆ ಸಮಸ್ಯೆ. ಲ್ಯಾಂಡ್‌ಲೈನ್ ತೆಗೆಸಿ ಎಷ್ಟೋ ವರ್ಷವಾಯಿತು. ಅಪ್ಪ ಮಾಡಿದ್ದ ರಿಂಗ್ ಹಿಡಿಯುವ ಭಾಗ ನೋಡಲು ಚೆಂದ. ಕ್ಯಾಮೆರಾ ಫಿಲ್ಮ್ ರೋಲಿನ ಕಪ್ಪು ಡಬ್ಬಿ. ಒಂದು ತುದಿಯಲ್ಲಿ ನಿಯಾನ್ ಬಲ್ಬು, ಎದುರು ತುದಿಯಲ್ಲಿ ಎಲ್‌ಡಿಆರ್, ಅಂದರೆ ಬೆಳಕು ಬಿದ್ದರೆ ತಡೆ ಕಡಿಮೆಯಾಗುವ ರೆಸಿಸ್ಟರ್. ಫೋನ್ ಲೈನಿನಲ್ಲಿ ಸುಮ್ಮನಿರುವಾಗ 48 ವೋಲ್ಟ್ ಡಿಸಿ, ರಿಂಗ್ ಬಂದಾಗ ಸುಮಾರು 75 ವೋಲ್ಟ್ ಎಸಿ. 0.47 ಮೈಕ್ರೋಫ್ಯಾರಡ್ ಕೆಪಾಸಿಟರ್ ಡಿಸಿಯನ್ನು ತಡೆದು ರಿಂಗನ್ನು ಮಾತ್ರ ಒಳಗೆ ಬಿಡುತ್ತದೆ. ನಿಯಾನ್ ಹತ್ತುತ್ತದೆ, ಎಲ್‌ಡಿಆರ್ ನೋಡುತ್ತದೆ, ರಿಲೇ ಎಳೆಯುತ್ತದೆ. ಫೋನ್ ಲೈನಿಗೂ ಪೆಟ್ಟಿಗೆಗೂ ನಡುವೆ ಬೆಳಕು ಬಿಟ್ಟರೆ ಬೇರೆ ಸಂಬಂಧವೇ ಇಲ್ಲ.

ಎಲ್‌ಡಿಆರ್ ಇನ್ನೂ ಚೆನ್ನಾಗಿತ್ತು. ನಿಯಾನ್ ತೆಗೆದೆ, ಆ ತುದಿಗೆ ತೂತು ಮಾಡಿದೆ. ಈಗಿನ ಮೊಬೈಲ್‌ಗಳಲ್ಲಿ ಕರೆ ಬಂದರೆ ಕ್ಯಾಮೆರಾ ಫ್ಲ್ಯಾಶ್ ಮಿನುಗುವ ಸೆಟ್ಟಿಂಗ್ ಇರುತ್ತದೆ, ಕಿವಿ ಕೇಳದವರಿಗೆಂದೇ ಕೊಟ್ಟದ್ದು. ಮರದ ಸ್ಟ್ಯಾಂಡಿನಲ್ಲಿ ಮೊಬೈಲ್ ಇಟ್ಟರೆ ಫ್ಲ್ಯಾಶ್ ಸರಿಯಾಗಿ ಡಬ್ಬಿಯ ಬಾಯಿಗೆ ಬರುತ್ತದೆ. ಮೊದಲು ಕಿಟಕಿಯ ಬೆಳಕಿಗೂ ಹಳದಿ ಹತ್ತುತ್ತಿತ್ತು. ಬಾಯಿಯ ಸುತ್ತ ಕಪ್ಪು ಫೋಮಿನ ಬಳೆ ಅಂಟಿಸಿ, ಸೀರೀಸಿನಲ್ಲಿದ್ದ ಪ್ರೀಸೆಟ್ ಸ್ವಲ್ಪ ತಿರುಗಿಸಿದ ಮೇಲೆ ಸರಿಹೋಯಿತು. ಮೊಬೈಲ್ ಎತ್ತಿಕೊಂಡರೆ ಡಬ್ಬಿಯ ಬಾಯಿ ತೆರೆದುಬಿಡುತ್ತದಲ್ಲ, ಅದಕ್ಕೆ ಸ್ಟ್ಯಾಂಡಿನ ತಳದಲ್ಲಿ ಒಂದು ಮೈಕ್ರೋಸ್ವಿಚ್ ಇಟ್ಟಿದ್ದೇನೆ. ಮೊಬೈಲ್ ಕೂತಿದ್ದರೆ ಮಾತ್ರ ಹಳದಿಗೆ ಸಪ್ಲೈ.

ದೀಪಗಳೆಲ್ಲ ಎಲ್‌ಇಡಿಯಾದವು. ಇಲ್ಲಿ ಒಂದು ತೊಡಕಿದೆ, ಹಳೇ ಸೆಟ್ಟು ರಿಪೇರಿ ಮಾಡುವವರಿಗೆ ಉಪಯೋಗವಾದೀತು. ಅಪ್ಪ ಮಿನುಗಿಸಲು ಬಳಸಿದ್ದು ಗಾಡಿಯ ಇಂಡಿಕೇಟರಿನ ಥರ್ಮಲ್ ಫ್ಲ್ಯಾಶರ್. ಬಲ್ಬಿನ ಕರೆಂಟಿಗೆ ಅದರೊಳಗಿನ ಪಟ್ಟಿ ಬಿಸಿಯಾಗಿ ಬಾಗಿದರೆ ಆಫ್, ತಣ್ಣಗಾದರೆ ಆನ್. ಎಲ್‌ಇಡಿ ಎಳೆಯುವ ಕರೆಂಟಿಗೆ ಅದು ಬೆಚ್ಚಗೂ ಆಗುವುದಿಲ್ಲ. ಬದಲಿಗೆ 555 ಟೈಮರ್ ಐಸಿ ಹಾಕಿದೆ. 10 ಕಿಲೋಓಮ್, 68 ಕಿಲೋಓಮ್, 10 ಮೈಕ್ರೋಫ್ಯಾರಡ್. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ. ಇನ್ನೊಂದು, ಬಣ್ಣದ ಗಾಜಿನ ಹಿಂದೆ ಬಿಳಿ ಎಲ್‌ಇಡಿ ಇಡಬೇಡಿ. ಅದರ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ, ಕೆಂಪು ಗಾಜು ಮಂಕಾಗಿ ಕಾಣುತ್ತದೆ. ಕೆಂಪಿಗೆ ಕೆಂಪು, ನೀಲಿಗೆ ನೀಲಿ ಅಂತ ಅದೇ ಬಣ್ಣದ್ದು ಇಟ್ಟರೆ ಗಾಜು ಜೀವ ತುಂಬಿಕೊಂಡು ಹೊಳೆಯುತ್ತದೆ. ಬಿಡಿಭಾಗಗಳನ್ನೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ತಗೊಂಡಿದ್ದೆ. ಹಳೇ ಅಳತೆಯ ಗಾಜಿನ ಲೆನ್ಸು ಮಾತ್ರ ಈಗ ಅಲ್ಲೂ ಸಿಗುವುದು ಕಷ್ಟ. ಇರುವುದನ್ನೇ ಸೋಪುನೀರಲ್ಲಿ ತೊಳೆದು ಹಾಕಿದೆ.

ಡ್ರಾಯಿಂಗಿನ ಚೌಕದಲ್ಲಿ ಇನ್ನು ಒಂದೇ ಸಾಲಿಗೆ ಜಾಗವಿತ್ತು. 'ನೀಲಿ: ಬಚ್ಚಲು, ಮಂಚದಿಂದ ಪಕ್ಕದ ಮನೆಗೆ. ಹಳದಿ: ಮೊಬೈಲ್. ಎಲ್‌ಇಡಿ, 555, 317' ಅಂತ ಸಣ್ಣಕ್ಷರದಲ್ಲಿ ಬರೆದು ಸಹಿ ಮಾಡಿದೆ. ಹೊಸ ಸರ್ಕ್ಯೂಟಿನ ಪೂರ್ತಿ ಡ್ರಾಯಿಂಗು ಬೇರೆ ಹಾಳೆಯಲ್ಲಿದೆ, ಅದನ್ನೂ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಲಾಗ್‌ಬುಕ್ ಈಗ ಅಮ್ಮನ ಕೈಯಲ್ಲಿದೆ. ಗ್ರಾವಿಟಿಯ ಕಾಲಂ ಖಾಲಿ ಬಿಟ್ಟು ವೋಲ್ಟೇಜು ಬರೆಯುತ್ತಾಳೆ, ಫೋಟೋ ತೆಗೆದು ನನಗೆ ಕಳಿಸುತ್ತಾಳೆ. 13.4ಕ್ಕಿಂತ ಕೆಳಗೆ ಹೋದರೆ ತಿಳಿಸು ಅಂದಿದ್ದೇನೆ.

ಮೊದಲ ಫೋಟೋದಲ್ಲಿ ವೋಲ್ಟೇಜು 13.6. ಷರಾದಲ್ಲಿ ಒಂದು ದೂರು: 'ರಾತ್ರಿ ಬಿಳಿ ಕಣ್ಣಿಗೆ ಹೊಡೆಯುತ್ತೆ.' ಅದಕ್ಕೆ ನಾನು ಸೀರೀಸಿನಲ್ಲಿ 1 ಕಿಲೋಓಮ್ ಹಾಕಿದ್ದೆ, ಅಂದರೆ 10 ಮಿಲಿಆಂಪ್‌ನ ಆಸುಪಾಸು. ಈಗಿನ ಎಲ್‌ಇಡಿಗೆ ಅದು ಜಾಸ್ತಿಯೇ. ಮುಂದಿನ ಸಲ ಹೋದಾಗ 4.7 ಕಿಲೋಓಮ್ ಹಾಕುತ್ತೇನೆ, 2 ಮಿಲಿಆಂಪ್ ಸಾಕು. ಅಲ್ಲಿಯ ತನಕ ಮಲಗುವ ಕೋಣೆಯ ದೀಪಕ್ಕೆ ಒಂದು ಬಿಂದಿ ಅಂಟಿಸಿಕೊಂಡಿದ್ದಾಳಂತೆ.